ತುಟಿಯಮ್ಮನ ಸ್ಟೂಲು

"ಕಿರುಚಬೇಡ್ವೋ, ನನಗೆ ಕೇಳಿಸಲ್ಲ!" ಎಂದು ಅಪ್ಪ ಇಡೀ ಬೀದಿಗೆ ಕೇಳುವಂತೆ ಕಿರುಚಿದ.

ಸೋದರಮಾವ ಅಪ್ಪನ ಕಿವಿಗೆ ಬಾಯಿ ಅಂಟಿಸಿಕೊಂಡು, ಹನ್ನೊಂದು ಗಂಟೆಗೆ ಚರ್ಚು, ಹನ್ನೆರಡೂವರೆಗೆ ಮಣ್ಣು ಎಂದು ನಾಲ್ಕನೇ ಸಲ ಹೇಳುತ್ತಿದ್ದ. ಎದುರು ಮನೆಯವರಿಗೆ, ಮಹಡಿ ಮೇಲಿನವರಿಗೆ, ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಮಾಡುವವನಿಗೆ, ಎಲ್ಲರಿಗೂ ಆ ಸಮಯ ಬಾಯಿಪಾಠವಾಗಿತ್ತು. ಗೊತ್ತಾಗದೆ ಉಳಿದವನು ಅಪ್ಪ ಒಬ್ಬನೇ. ಅವನ ಕಿವಿಗಳು ಗಿರಣಿಯ ಮಗ್ಗಗಳ ನಡುವೆ ಮೂವತ್ತು ವರ್ಷ ದುಡಿದು, ಅವನಿಗಿಂತ ಮೊದಲೇ ನಿವೃತ್ತಿ ಪಡೆದಿದ್ದವು. ಚೀಟಿ ಬರೆದು ಕೊಟ್ಟರೆ ಓದುವ ಕನ್ನಡಕ ಸಿಗದು, ತುಟಿ ನೋಡಿ ಮಾತು ಹಿಡಿಯೋಣವೆಂದರೆ ಸೋದರಮಾವನ ಮೀಸೆ ಅಡ್ಡ. ಮೂಗಿನ ಕೆಳಗಿಂದ ಹೊರಟು ಕೆಳತುಟಿಯವರೆಗೆ ಇಳಿದಿದ್ದ ಆ ಮೀಸೆಯ ಹಿಂದೆ ಏನು ನಡೆಯುತ್ತಿದೆಯೋ ದೇವರಿಗೇ ಗೊತ್ತು.

ನಡುಮನೆಯಲ್ಲಿ ಪೆಟ್ಟಿಗೆ ಎರಡು ಬೆಂಚುಗಳ ಮೇಲಿತ್ತು. ಒಳಗೆ ತುಟಿಯಮ್ಮ ಬಾಯಿ ಮುಚ್ಚಿಕೊಂಡು ಮಲಗಿದ್ದಳು. ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ಬಾಯಿಯನ್ನೇ. ಎಪ್ಪತ್ತೊಂದು ವರ್ಷದಲ್ಲಿ ಅದು ಇಷ್ಟು ಹೊತ್ತು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಗೋಡೆಯ ಬದಿಗೆ ಎಂಟು ಜನ ಮುದುಕ ಮುದುಕಿಯರು ಸಾಲಾಗಿ ಕೂತಿದ್ದರು. ಎಲ್ಲರೂ ಅದೇ ಗಿರಣಿಯಲ್ಲಿ ದುಡಿದವರು, ಎಲ್ಲರೂ ಕಿವುಡರು. ಕಣ್ಣು ಮುಚ್ಚಿ ಕೇಳಿದರೆ ಪಿಟ್ಟೆನ್ನದೆ ಕೂತ ಹಾಗೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ಭಾರಿ ಗಲಾಟೆ ನಡೆದಿತ್ತು. ಎಂಟೂ ಬಾಯಿಗಳು ಒಟ್ಟಿಗೆ ಆಡುತ್ತಿದ್ದವು. ದನಿ ಮಾತ್ರ ಇಲ್ಲ. ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಕೂಗೂ ಕೇಳದಿದ್ದಾಗ ಇವರು ತುಟಿಗಳನ್ನು ಅಗಲಿಸಿ, ಉಬ್ಬಿಸಿ, ಹಲ್ಲು ನಾಲಗೆ ಎಲ್ಲ ಕಾಣಿಸಿ ಮಾತಾಡುವುದನ್ನು ಕಲಿತಿದ್ದರು. ತುಟಿಮಾತು ಎಂದು ಅದಕ್ಕೆ ಹೆಸರು.

ಅವರಲ್ಲಿ ಹಿರಿಯ, ಲಾಳಿಯಜ್ಜ, ಎದ್ದು ನಿಂತು ದನಿ ತೆಗೆದ. "ಪಾಸ್ಟ್ರು ಪ್ರಸಂಗ ಮಾಡ್ತಾರೆ, ದೇವರ ಮಾತು ಹೇಳ್ತಾರೆ, ಸರಿ. ನಮಗೆ ಯಾರು ಹೇಳ್ತಾರೆ? ನಮಗೆ ಹೇಳೋಳು ಪೆಟ್ಟಿಗೇಲಿ ಮಲಗಿದಾಳೆ!"

"ಅದನ್ನೇ ನಾನೂ ಕೇಳ್ತಿರೋದು!" ಅಪ್ಪ ಕೋಲನ್ನು ನೆಲಕ್ಕೆ ಕುಟ್ಟಿದ. "ನನ್ನ ಹೆಂಡತಿ ಬಗ್ಗೆ ಇವತ್ತು ಏನೇನ್ ಹೇಳ್ತಾರೋ ಅದೆಲ್ಲ ನನಗೆ ಗೊತ್ತಾಗ್ಬೇಕು. ಊರಿಗೆಲ್ಲ ಕೇಳಿಸಿ ನನಗೊಬ್ಬನಿಗೆ ಕೇಳಿಸದೆ ಇರೋ ಜಾಗಕ್ಕೆ ನಾನ್ಯಾಕೆ ಬರ್ಲಿ? ನೀವು ಹೋಗ್ಬನ್ನಿ. ನಾನು ಇಲ್ಲೇ ಕೂತಿರ್ತೀನಿ."

ಹೇಳಿದ ಮೇಲೆ ಮುಗಿಯಿತು. ಅಪ್ಪನ ಹಟ ಗಿರಣಿಯ ಮ್ಯಾನೇಜರನಿಗೂ ಗೊತ್ತಿತ್ತು.

ಸೋದರಮಾವ ಕಂಗಾಲಾಗಿ, ಬಾಗಿಲ ಬಳಿ ನಿಂತಿದ್ದ ಅಕ್ಕನ ಮಗಳ ಕಡೆ ತಿರುಗಿದ. "ನಿನಗೆ ಬರುತ್ತೇನಮ್ಮ, ಆ ತುಟಿಮಾತು?"

"ನನಗೆಲ್ಲಿ ಬರುತ್ತೆ ಮಾವ," ಎಂದಳು ಮಗಳು, ತುಟಿ ಹೆಚ್ಚು ಅಲುಗಿಸದೆ.

ಸೋದರಮಾವ ಗಡಿಯಾರ ನೋಡಿದ. ಒಂಬತ್ತೂ ಕಾಲು. ಮೀಸೆಯನ್ನು ಒಮ್ಮೆ ಸವರಿಕೊಂಡ. ಮೂವತ್ತು ವರ್ಷದ ಮೀಸೆ ಅದು. ಮದುವೆಯ ಫೋಟೋದಲ್ಲಿ ಹೆಂಡತಿಗಿಂತ ಅದೇ ಚೆನ್ನಾಗಿ ಬಂದಿತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕ್ಷೌರದಂಗಡಿಯ ಕಡೆ ಓಡಿದ.

*

ತುಟಿಯಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತೂ ಇರಲಿಲ್ಲ, ಅದೇ ತೊಂದರೆ. ಹದಿನಾಲ್ಕನೇ ವಯಸ್ಸಿಗೆ ಚರ್ಚಿನ ಗಾಯನ ತಂಡಕ್ಕೆ ಸೇರಿದಳು. ಎರಡನೇ ವಾರ ಹಾಡಿನ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನೀನು ಸಾಲಲ್ಲಿ ನಿಂತ್ಕೋ, ಬಾಯಿ ಆಡಿಸು. ದನಿ ಮಾತ್ರ ಬೇಡ," ಎಂದರು. ಬೇರೆ ಹುಡುಗಿಯಾಗಿದ್ದರೆ ಅತ್ತು ಮನೆಗೆ ಹೋಗುತ್ತಿದ್ದಳು. ಇವಳು ನಾಲ್ಕು ವರ್ಷ ಸಾಲಿನಲ್ಲಿ ನಿಂತು, ಪ್ರತಿ ಕೀರ್ತನೆಯ ಪ್ರತಿ ಅಕ್ಷರವನ್ನೂ ಬಾಯಿ ತುಂಬ, ಸದ್ದಿಲ್ಲದೆ, ಸಂತೋಷವಾಗಿ ಹಾಡಿದಳು. ಗಿರಣಿಗೆ ಸೇರಿದ ದಿನ, ಬೇರೆಯವರು ಆರು ತಿಂಗಳಿಗೆ ಕಲಿಯುವ ತುಟಿಮಾತನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಕಲಿತುಬಿಟ್ಟಿದ್ದಳು.

ಮದುವೆಯಾಗಿ ಮಗುವಾಗಿ ಎಷ್ಟೋ ವರ್ಷ ಕಳೆದ ಮೇಲೆ ಒಂದು ಭಾನುವಾರ, ಚರ್ಚು ಬಿಟ್ಟಾಗ, ಮೆಟ್ಟಿಲ ಮೇಲೆ ಲಾಳಿಯಜ್ಜ ಸಿಕ್ಕ. ಆಗ ಅವನು ಅಜ್ಜನಾಗಿರಲಿಲ್ಲ, ಆದರೆ ಕಿವಿ ಪೂರ್ತಿ ಹೋಗಿತ್ತು.

"ಇವತ್ತಿನ ಪ್ರಸಂಗ ಚೆನ್ನಾಗಿತ್ತಲ್ವಾ?" ಎಂದು ತುಟಿಯಲ್ಲಿ ಕೇಳಿದಳು.

"ಯಾರಿಗ್ಗೊತ್ತು," ಎಂದ ಅವನೂ ತುಟಿಯಲ್ಲೇ. "ಆರು ವರ್ಷ ಆಯ್ತು. ಎಲ್ರೂ ಎದ್ದಾಗ ಏಳ್ತೀನಿ, ಕೂತಾಗ ಕೂರ್ತೀನಿ."

ಆ ವಾರವೆಲ್ಲ ಅವಳಿಗೆ ಅದೇ ಗುಂಗು. ಮುಂದಿನ ಭಾನುವಾರ ಪ್ರಸಂಗ ಶುರುವಾದ ಕೂಡಲೇ ತನ್ನ ಬೆಂಚಿನಲ್ಲಿ ಹಿಂದುಮುಂದಾಗಿ ತಿರುಗಿ ಕೂತು, ಹಿಂದಿನ ಸಾಲಿನ ಲಾಳಿಯಜ್ಜನಿಗೆ ಒಂದೊಂದೇ ಮಾತನ್ನು ತುಟಿಯಲ್ಲಿ ದಾಟಿಸಿದಳು. ಮೂರನೇ ವಾರಕ್ಕೆ ಅವನ ಪಕ್ಕ ಇನ್ನೂ ಮೂವರು ಬಂದು ಕೂತರು. ನಾಲ್ಕನೇ ವಾರಕ್ಕೆ ಚರ್ಚಿನ ಹಿರಿಯರು ಸಭೆ ಕರೆದರು. ಬಲಿಪೀಠಕ್ಕೆ ಬೆನ್ನು ಹಾಕಿ ಕೂರುವುದೆಂದರೇನು?

"ದೇವರು ನನಗೆ ದನಿ ಕೊಡ್ಲಿಲ್ಲ, ಬಾಯಿ ಕೊಟ್ಟ," ಎಂದಳು ಅವಳು ಸಭೆಯಲ್ಲಿ. "ಅದನ್ನೂ ಮುಚ್ಚಿಟ್ಕೊಂಡು ಹೋಗಿ ನಾಳೆ ಅವನ ಮುಂದೆ ನಿಂತ್ರೆ, ಏನ್ ಮಾಡ್ದೆ ಅಂತ ಕೇಳಲ್ವಾ? ನೀವು ಬೈಯೋದನ್ನಾದ್ರೆ ತಡ್ಕೋತೀನಿ."

ಅಂದಿನ ಪಾಸ್ಟರು ಎದ್ದು ಹೋಗಿ, ತಮ್ಮ ಕೋಣೆಯಿಂದ ಮರದ ಸ್ಟೂಲೊಂದನ್ನು ತಂದು, ಮೊದಲ ಬೆಂಚಿನ ಎದುರಿಗೆ, ಜನರ ಕಡೆ ಮುಖ ಮಾಡಿ ಕೂರುವಂತೆ ಇಟ್ಟರು. ಮಾತು ಅಲ್ಲಿಗೆ ಮುಗಿಯಿತು.

ಮೂವತ್ತೆಂಟು ವರ್ಷ ಅವಳು ಆ ಸ್ಟೂಲಿನ ಮೇಲೆ ಕೂತಳು. ಕಿವುಡರ ಸಾಲು ಮೊದಲ ಬೆಂಚಿಗೆ ಬಂತು. ಬರಬರುತ್ತಾ ಪ್ರಸಂಗವನ್ನು ತಿದ್ದುವುದೂ ಶುರುವಾಯಿತು, ಅದನ್ನು ಮುಚ್ಚಿಡುವುದೇಕೆ? ಪಾಸ್ಟರು ಹೇಳಿದ್ದನ್ನೇ ಹೇಳತೊಡಗಿದರೆ, "ಇನ್ನೂ ಅಲ್ಲೇ ಸುತ್ತುತಿದಾರೆ, ಕಣ್ಣಿಗೆ ಸ್ವಲ್ಪ ವಿರಾಮ ಕೊಡಿ," ಎನ್ನುತ್ತಿದ್ದಳು. ಇಡೀ ಸಾಲು ಒಮ್ಮೆಗೇ ಕಣ್ಣು ಮುಚ್ಚುತ್ತಿತ್ತು. ಭಕ್ತಿಯೆಂದರೆ ಇದು ಎಂದು ಹೊಸ ಪಾಸ್ಟರುಗಳು ಬೆರಗಾಗುತ್ತಿದ್ದರು.

*

ಹತ್ತು ಗಂಟೆಗೆ ಯಾರೋ ಅಪರಿಚಿತ ಧಡಧಡನೆ ಒಳಗೆ ಬಂದು ಅಪ್ಪನ ಮುಂದೆ ಮಂಡಿಯೂರಿ ಕೂತ. ಮೇಲ್ತುಟಿಯ ಮೇಲೆ ಕೈಯಗಲ ಬಿಳಿಚಿದ ಚರ್ಮ.

"ಯಾರಯ್ಯಾ ಇವನು?" ಎಂದ ಅಪ್ಪ.

"ನಾನು ಭಾವ, ನಾನು!" ಸೋದರಮಾವ ತುಟಿಗಳನ್ನು ಎಷ್ಟು ಸಾಧ್ಯವೋ ಅಷ್ಟು ಅಗಲಿಸಿದ. "ಹನ್ನೊಂದು ಗಂಟೆಗೆ ಚರ್ಚು!"

"ಹನ್ನೊಂದಕ್ಕಾ? ಅದನ್ನ ಮೊದ್ಲೇ ಹೇಳ್ಬಾರ್ದಾ?"

ಸಾವಿನ ಮನೆ ಎಂಬುದನ್ನೂ ಮರೆತು ಎಲ್ಲರೂ ನಕ್ಕುಬಿಟ್ಟರು. ಅತ್ತು ಅತ್ತು ಸಾಕಾಗಿದ್ದ ಪಕ್ಕದ ಮನೆಯಾಕೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸರಿ, ಸ್ಟೂಲಿನ ಮೇಲೆ ಸೋದರಮಾವನೇ ಕೂರುವುದೆಂದು ತೀರ್ಮಾನವಾಯಿತು. ಅಪ್ಪ ಶೂ ಹಾಕಿಕೊಳ್ಳಲು ಬಗ್ಗಿದ. ಮನೆಯಲ್ಲಿ ಒಮ್ಮೆಲೇ ಓಡಾಟ ಜೋರಾಯಿತು; ಹೂವು ಎಲ್ಲಿ, ವ್ಯಾನು ಬಂತಾ, ಪೆಟ್ಟಿಗೆಯ ಮೊಳೆ ಯಾರ ಹತ್ತಿರ ಇದೆ ಎಂದು ಎಲ್ಲರೂ ಎಲ್ಲರನ್ನೂ ಕೇಳಿದರು.

ಆ ಗದ್ದಲದಲ್ಲೇ ಆದದ್ದು ಅದು. ಬಾಬಿನ್ ಅಜ್ಜಿ, ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು, ಪೆಟ್ಟಿಗೆಯ ಆಚೆ ಬದಿಯಲ್ಲಿದ್ದ ಲಾಳಿಯಜ್ಜನಿಗೆ ತುಟಿಯಲ್ಲೇ ಹೇಳಿದಳು: "ಅವಳು ಹೋದ್ಲು. ಇನ್ನು ಈ ಮನೇಲಿ ಇಬ್ರೇ. ಮಗಳಿಗೆ ಅಪ್ಪನ ಮೇಲೆ ಪ್ರೀತಿ ಎಲ್ಲಿದೆ ಬಿಡು. ಇದ್ದಿದ್ರೆ ನಾಲ್ಕು ಮಾತಾದ್ರೂ ಕಲೀತಿದ್ಲು."

"ಯಾರ್ ಹೇಳಿದ್ದು ಪ್ರೀತಿ ಇಲ್ಲ ಅಂತ?"

ಕೇಳಿದವಳು ಮಗಳು. ದನಿಯಿರಲಿಲ್ಲ. ತುಟಿ ಅಗಲಿಸಿ, ಹಲ್ಲು ಕಾಣಿಸಿ, ತುಟಿಯಮ್ಮನೇ ಪೆಟ್ಟಿಗೆಯಿಂದ ಎದ್ದು ಬಂದು ಕೇಳಿದ ಹಾಗೆ ಕೇಳಿದ್ದಳು. ಸಿಟ್ಟಿನ ಭರದಲ್ಲಿ, ಅಲ್ಲಿ ಯಾರೂ ದನಿ ತೆಗೆದು ಏನೂ ಹೇಳಿಲ್ಲವೆಂಬುದನ್ನೇ ಅವಳು ಮರೆತಿದ್ದಳು.

ಎಂಟು ಜನರ ಬಾಯಿಗಳೂ ನಿಂತವು. ಶೂ ಹಾಕಿಕೊಳ್ಳುತ್ತಿದ್ದ ಅಪ್ಪ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಅವನ ತುಟಿಗಳು ನಿಧಾನವಾಗಿ ಆಡಿದವು.

"ಯಾವಾಗಿಂದ ಗೊತ್ತು ನಿನಗೆ?"

ಅವಳು ತುಟಿ ಕಾಣದಂತೆ ಪೆಟ್ಟಿಗೆಯ ಕಡೆ ಮುಖ ತಿರುಗಿಸಿದಳು. ಅಪ್ಪ ಲೇಸು ಕಟ್ಟದೆ ಹಾಗೇ ಎದ್ದು, ಅವಳನ್ನು ದಾಟಿಕೊಂಡು ಹೊರಗೆ ಹೋದ.

*

ಮಗಳಿಗೆ ತುಟಿಮಾತು ಮೊದಲಿನಿಂದಲೂ ಗೊತ್ತಿತ್ತು. ಅಪ್ಪ ಪಾಳಿಗೆ ಹೋದಾಗ ಅಮ್ಮ ಅಡುಗೆಮನೆಯಿಂದ, ಮಗಳು ಹಿತ್ತಿಲಿನಿಂದ, ಕಿಟಕಿಯ ಗಾಜಿನಾಚೆ ಈಚೆ ನಿಂತು ಗಂಟೆಗಟ್ಟಲೆ ಹರಟುತ್ತಿದ್ದ ಕಾಲವೊಂದಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಅದು ನಿಂತಿತು. ಭಾನುವಾರ ಸ್ಟೂಲಿನ ಮೇಲೆ ಅಮ್ಮನ ಬಾಯಿ ನೋಡಿದ ಹುಡುಗಿಯರು ಸೋಮವಾರ ಶಾಲೆಯಲ್ಲಿ ಅದನ್ನು ಅಣಕಿಸುತ್ತಿದ್ದರು. ಒಂದು ಸಂಜೆ ಅವಳು ಮನೆಗೆ ಬಂದವಳೇ, "ಇನ್ಮೇಲೆ ನನ್ನ ಜೊತೆ ಹಾಗೆ ಮಾತಾಡ್ಬೇಡ, ಅಸಹ್ಯ," ಎಂದಳು. ಅಮ್ಮ ಮತ್ತೆ ಆಡಲಿಲ್ಲ. ಮಗಳಿಗೆ ಅದು ಮರೆತು ಹೋಗಿದೆಯೆಂದು ತಿಳಿದಳು; ಕಲಿತಿದ್ದಳೆಂಬುದೇ ಉಳಿದವರಿಗೆ ಗೊತ್ತಿರಲಿಲ್ಲ.

ಅಪ್ಪನ ಕಿವಿ ಪೂರ್ತಿ ಹೋದಾಗ ಅವಳಿಗೆ ಇಪ್ಪತ್ತು. ಇನ್ನೇನು, ಇವತ್ತಲ್ಲ ನಾಳೆ ತುಟಿ ತೆರೆಯಬೇಕು ಎಂದುಕೊಂಡಳು. ನಾಚಿಕೆಯಾಯಿತು, ಆಮೇಲೆ ತಡವಾಯಿತೆಂದು ಇನ್ನಷ್ಟು ನಾಚಿಕೆಯಾಯಿತು. ಚೀಟಿಯಲ್ಲಿ ಬರೆದಿಟ್ಟಳು: ಮಾತ್ರೆ ತಗೊಂಡ್ಯಾ, ನೀರು ಬಂದಿಲ್ಲ. ಉಳಿದದ್ದನ್ನೆಲ್ಲ ಅಮ್ಮ ಅವನಿಗೆ ದಾಟಿಸುತ್ತಿದ್ದಳು. ಅಪ್ಪ ಅಮ್ಮ ತುಟಿಯಲ್ಲಿ ಆಡಿಕೊಂಡದ್ದನ್ನೆಲ್ಲ ಮಗಳು ತಿಳಿದುಕೊಳ್ಳುತ್ತಲೇ ಇದ್ದಳು. "ಅವಳು ನನ್ನ ಜೊತೆ ಒಂದ್ಮಾತು ಆಡಲ್ವಲ್ಲ" ಎಂದು ಅಪ್ಪ ಅಮ್ಮನಿಗೆ ಹೇಳಿದ್ದನ್ನೂ.

ಅವಳಿಗೆ ಸಿಕ್ಕ ಕೆಲಸವಾದರೂ ಎಂಥದ್ದು! ರೈಲು ನಿಲ್ದಾಣದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಹಾಗೇ ಕಳೆಯಿತು.

*

ಚರ್ಚು ಕಿಕ್ಕಿರಿದಿತ್ತು. ಕಿವುಡರ ಬೆಂಚಿನ ಎದುರಿಗೆ ಸ್ಟೂಲಿನ ಮೇಲೆ ಸೋದರಮಾವ ಬೋಳು ತುಟಿ ಒರೆಸಿಕೊಳ್ಳುತ್ತಾ ಸಿದ್ಧನಾಗಿ ಕೂತಿದ್ದ. ಮೊದಲ ಪ್ರಾರ್ಥನೆಯನ್ನು ಹೇಗೋ ದಾಟಿಸಿದ. ಬೆಂಚು ತಲೆದೂಗಿತು. ಪರವಾಗಿಲ್ಲ, ಹೋದ ಮೀಸೆ ದಂಡವಾಗಲಿಲ್ಲ ಎನ್ನುವಂತಿತ್ತು.

ಆಮೇಲೆ ಪಾಸ್ಟರು ಕಾಗದ ಬಿಡಿಸಿ, "ತಾಯಿ ತೀರಿಕೊಂಡಾಗ ಎಳೆಯ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ಈ ಅಕ್ಕ," ಎಂದರು.

ಸೋದರಮಾವ ಬಾಯಿ ತೆರೆದ. ತುಟಿ ಅದುರಿತು. ಇನ್ನೊಮ್ಮೆ ತೆರೆದ.

"ಏನಂತೆ?" ಬಾಬಿನ್ ಅಜ್ಜಿ ಇಡೀ ಚರ್ಚಿಗೆ ಕೇಳುವಂತೆ ಕೇಳಿದಳು.

"ಅಳ್ತಿದಾನೆ," ಎಂದ ಲಾಳಿಯಜ್ಜ, ಅಷ್ಟೇ ಜೋರಾಗಿ.

"ಅಳೋದು ಕಾಣುತ್ತೆ. ಮಾತೇನಂತೆ?"

ಮಾತೆಲ್ಲಿಂದ ಬರಬೇಕು? ಅಳುವ ತುಟಿಯನ್ನು ಯಾರೂ ಓದಲಾರರು. ಸೋದರಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪ ಕೋಲೂರಿ ಎದ್ದು, ಬೆಂಚಿನಿಂದ ಹೊರಬಂದು, ಬಾಗಿಲ ಕಡೆ ನಡೆಯತೊಡಗಿದ. ಬಿಚ್ಚಿದ ಲೇಸು ನೆಲದ ಮೇಲೆ ಎಳೆಯುತ್ತಿತ್ತು.

ಮಗಳು ಎರಡನೇ ಸಾಲಿನಿಂದ ಎದ್ದಳು. ಹೋಗಿ ಅಪ್ಪನ ದಾರಿಗೆ ಅಡ್ಡ ನಿಂತಳು.

ಅವಳ ತುಟಿ ತುಸು ಅಲುಗಿತು, ಅಷ್ಟೇ. ತುಟಿ ಬಿಗಿಹಿಡಿಯುವ ಅಭ್ಯಾಸ ಬಿಡಬೇಕಲ್ಲ.

"ಏನೂ ಕಾಣಿಸ್ತಿಲ್ಲ," ಎಂದ ಅಪ್ಪ ಗಟ್ಟಿಯಾಗಿ.

ಅವಳು ಮುನ್ನೂರು ಜನರ ಎದುರಿಗೆ, ತಾನು ಹನ್ನೊಂದನೇ ವಯಸ್ಸಿನಲ್ಲಿ ಅಸಹ್ಯವೆಂದಿದ್ದ ಆ ದೊಡ್ಡ ಬಾಯಿಯನ್ನು ತೆರೆದಳು. "ಚಿಕ್ಕೋಳಿದ್ದಾಗಿಂದ ಗೊತ್ತು ಅಪ್ಪ. ಗೊತ್ತಿದ್ದೂ ಸುಮ್ನಿದ್ದೆ. ನನ್ನದು ತಪ್ಪು. ಈಗ ಕೂತ್ಕೋ, ಎಲ್ಲಾನೂ ಹೇಳ್ತೀನಿ, ಒಂದಕ್ಷರ ಬಿಡಲ್ಲ."

ಅಪ್ಪ ಅವಳ ತುಟಿಯನ್ನೇ ನೋಡುತ್ತಾ ನಿಂತ. ಹಿಂದಿರುಗಿ ಬಂದು ಕೂತ. ಸೋದರಮಾವ ಸ್ಟೂಲು ಬಿಟ್ಟುಕೊಟ್ಟ.

ಪಾಸ್ಟರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. "ನಮ್ಮ ಈ ಸಹೋದರಿ ಮಿತಭಾಷಿಯಾಗಿದ್ದರು."

ಮಗಳ ತುಟಿಗಳು ಹೇಳಿದವು: "ಅಮ್ಮ ಮಿತಭಾಷಿ ಅಂತಿದಾರೆ. ಬೇರೆ ಯಾರದೋ ಕಾಗದ ತಂದಿದಾರೆ ಅನ್ಸುತ್ತೆ."

ಇಡೀ ಬೆಂಚು ಗೊಳ್ಳೆಂದು ನಕ್ಕಿತು. ಅಪ್ಪ ಬಾಯಿ ತೆರೆದು, ತನಗೇ ಕೇಳಿಸದ ದೊಡ್ಡ ನಗೆ ನಕ್ಕ. ಪಾಸ್ಟರು ಕನ್ನಡಕದ ಮೇಲಿಂದ ನೋಡಿದರು. "ಏನಂದ್ರಿ ಅಮ್ಮ?"

ಸುಳ್ಳು ಹೇಳುವಂತಿಲ್ಲ, ದೇವರ ಮನೆ. ಅವಳು ಅಂದದ್ದನ್ನೇ ದನಿಯಲ್ಲಿ ಅಂದಳು. ಆ ದನಿ ಕೇಳಿದ್ದೇ ತಡ, ಚರ್ಚಿನಲ್ಲಿ ಗುಸುಗುಸು ಎದ್ದಿತು: "ಅಯ್ಯೋ, ಇದು ಸ್ಟೇಷನ್‌ನೋಳ ದನಿ! ಇವಳೇನಾ ಅವಳು!"

ಪಾಸ್ಟರು ಕೆಂಪಾದರು. ಬಂದು ಎರಡೇ ವರ್ಷವಾಗಿತ್ತು, ಪಾಪ. ಆದರೆ ಒಳ್ಳೆಯವರು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ನಕ್ಕರು. "ಹಾಗಾದ್ರೆ ನೀವೇ ಹೇಳಿ. ಎರಡು ವರ್ಷ ನನ್ನ ಪ್ರಸಂಗನ ನಿಮ್ಮಮ್ಮ ತಿದ್ದಿದಾರಂತೆ. ಇವತ್ತು ನಾನು ಕೂತು ಕೇಳ್ತೀನಿ."

ಅವಳು ಹೇಳಿದಳು. ಕಿವಿಯಿದ್ದವರಿಗೆ ದನಿಯಲ್ಲಿ, ಇಲ್ಲದವರಿಗೆ ತುಟಿಯಲ್ಲಿ, ಎರಡೂ ಒಟ್ಟಿಗೆ. ಎರಡೂ ತನ್ನ ಹತ್ತಿರವೇ ಇದ್ದವೆಂದು ಅವಳಿಗೆ ಅಂದಿನವರೆಗೆ ಹೊಳೆದೇ ಇರಲಿಲ್ಲ. ಅಮ್ಮನನ್ನು ತಾನು ಅವಮಾನ ಮಾಡಿದ್ದನ್ನೂ ಹೇಳಿದಳು. ಆಮೇಲೆ ಯಾರೂ ಸುಮ್ಮನೆ ಕೂರಲಿಲ್ಲ.

"ನಂದೊಂದಿದೆ!" ಎಂದು ಆಸ್ಪತ್ರೆಯ ನರ್ಸೊಬ್ಬಳು ಹಿಂದಿನ ಸಾಲಿನಿಂದ ಎದ್ದಳು. "ಈ ಅಜ್ಜಿಗೆ ಆಪರೇಷನ್ ಆದಾಗ ವಾರ್ಡಿನೊಳಗೆ ಯಾರನ್ನೂ ಬಿಡ್ತಿರ್ಲಿಲ್ಲ. ನಿಮ್ಮಮ್ಮ ಪಾಳಿ ಮುಗಿಸಿ ಬಂದು ಗಾಜಿನಾಚೆ ನಿಂತು ಮಾತಾಡೋರು. ಹನ್ನೊಂದು ದಿನ! ಮೂರನೇ ದಿನಕ್ಕೆ, ಕಿವಿ ಚೆನ್ನಾಗಿರೋ ರೋಗಿಗಳೂ ಮಂಚ ಆ ಕಡೆ ತಿರುಗಿಸಿ ಅಂತ ನನ್ನ ಪ್ರಾಣ ತಿಂದ್ರು!"

ಮಗಳು ಅದನ್ನು ತುಟಿಗೆ ತಂದಳು. ಬಾಬಿನ್ ಅಜ್ಜಿ ಎದ್ದು ನಿಂತು, "ನಾನೇ! ನಾನೇ ಆ ಮಂಚದೋಳು!" ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಎಲ್ಲರಿಗೂ ತೋರಿಸಿದಳು.

ಬಡಗಿ ಎದ್ದ. ಪೋಸ್ಟ್‌ಮ್ಯಾನ್ ಎದ್ದ. ಪೊಲೀಸ್ ಠಾಣೆಯಲ್ಲಿ ಲಾಳಿಯಜ್ಜನನ್ನು ಕಳ್ಳನೆಂದು ಕೂರಿಸಿದ್ದ ದಿನ ಅಲ್ಲೇ ಇದ್ದ ನಿವೃತ್ತ ಪೇದೆಯೂ ಎದ್ದ. ತುಟಿಯಮ್ಮ ಬಂದು ಅರ್ಧ ಗಂಟೆಯಲ್ಲಿ ಸಾಹೇಬರಿಂದಲೇ ಲಾಳಿಯಜ್ಜನಿಗೆ ಚಹಾ ಕೊಡಿಸಿದ್ದಳಂತೆ. ಮಗಳ ದವಡೆ ನೋಯತೊಡಗಿತು. ಹನ್ನೆರಡೂವರೆ ಯಾವಾಗಲೋ ದಾಟಿ ಹೋಗಿತ್ತು. ಅಪ್ಪ ಬೆಂಚಿನ ತುದಿಗೆ ಸರಿದು ಕೂತಿದ್ದ. ಒಂದೊಂದು ಮಾತು ಬಂದಾಗಲೂ ಅವನ ತುಟಿಗಳು ಅದನ್ನು ತಾವೂ ಒಮ್ಮೆ ಹೇಳಿಕೊಳ್ಳುತ್ತಿದ್ದವು.

*

ಸ್ಮಶಾನದಲ್ಲಿ ಗುಂಡಿ ತೋಡುವವನು ಒಂದೂವರೆ ಗಂಟೆ ಕಾದು ಕಾದು, ಸಲಿಕೆಗೆ ಒರಗಿ ತೂಕಡಿಸುತ್ತಿದ್ದ. ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಕೆಳಗಿಳಿಯಿತು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಅಷ್ಟು ಹೊತ್ತು ನಕ್ಕು ಗಲಾಟೆ ಮಾಡಿದ್ದ ಜನಕ್ಕೆ ಈಗ ಅವಳು ಹೋದಳೆಂಬುದು ನಿಜಕ್ಕೂ ತಿಳಿಯಿತು. ಸೋದರಮಾವ ಈ ಸಲ ಯಾರ ಹಂಗೂ ಇಲ್ಲದೆ ಅತ್ತ.

ಅಪ್ಪ ಗುಂಡಿಯ ಆ ಬದಿಗಿದ್ದ, ಮಗಳು ಈ ಬದಿಗೆ. ನಡುವೆ ಅಮ್ಮ. ಅಪ್ಪ ತಲೆಯೆತ್ತಿದ.

"ಪುಟ್ಟಿ," ಎಂದವು ಅವನ ತುಟಿಗಳು. "ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಇಲ್ಲ. ನೀನು?"

"ನಿಮ್ಮಮ್ಮ ಇಲ್ಲದೆ ಅಡುಗೆಮನೇಲಿ ಏನೆಲ್ಲಿದೆ ಅಂತ ನನಗೆಲ್ಲಿ ಗೊತ್ತು?"

"ನನಗೂ ಗೊತ್ತಿಲ್ಲ. ಹುಡುಕೋಣ ಬಾ."

ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಎಲ್ಲರ ತುಟಿಯೂ ಎಲ್ಲರಿಗೂ ಕಾಣುತ್ತಿದ್ದುದರಿಂದ ಗುಟ್ಟೆಂಬುದಿರಲಿಲ್ಲ. ಇಬ್ಬರು ಮನೆಯ ಮಾತು ಆಡಿಕೊಳ್ಳುತ್ತಿದ್ದರೆ ಉಳಿದವರು ಕಿವಿ ಮುಚ್ಚಿ ಪ್ರಯೋಜನವಿಲ್ಲ. ಬೆನ್ನು ತಿರುಗಿಸಿ ನಿಲ್ಲಬೇಕು, ಅದೇ ಅಲ್ಲಿಯ ಮರ್ಯಾದೆ. ಬಾಬಿನ್ ಅಜ್ಜಿ ಮೊದಲು ತಿರುಗಿದಳು. ಅವಳನ್ನು ನೋಡಿ ಲಾಳಿಯಜ್ಜ. ಆಮೇಲೆ ಒಬ್ಬೊಬ್ಬರಾಗಿ ಉಳಿದ ಆರು ಜನ. ಯಾಕೆಂದು ತಿಳಿಯದೆ ಪಾಸ್ಟರೂ ತಿರುಗಿದರು, ಸೋದರಮಾವನೂ, ನರ್ಸೂ. ಮಣ್ಣು ಮುಚ್ಚಲು ಎದ್ದು ಬಂದ ಗುಂಡಿಯವನು ನೋಡುತ್ತಾನೆ: ಬಂದ ಜನವೆಲ್ಲ ಗುಂಡಿಗೆ ಬೆನ್ನು ಹಾಕಿ ನಿಂತಿದೆ, ನಡುವೆ ಒಬ್ಬ ಮುದುಕ ಮತ್ತು ಒಬ್ಬ ಹೆಂಗಸು, ಸದ್ದೇ ಇಲ್ಲದೆ, ಬಾಯಿ ತುಂಬ ಮಾತಾಡುತ್ತಿದ್ದಾರೆ. ಅವನು ಸಲಿಕೆಯನ್ನು ಕೆಳಗಿಟ್ಟು, ತಾನೂ ಆಚೆ ತಿರುಗಿ ನಿಂತ.